ನಿನ್ನೆ ಎಲ್ಲಿ ಮೇಯ್ದವು?

ಕುರಿ, ಆಡು ಸಾಕುವವರ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯೆಯ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಯಾವ ಔಷಧಿ ಹಾಕಬೇಕು, ಹೆಸರು ಬರೆಯಿರಿ." ಹೆಸರು ಬರೆಯುವುದೇನೂ ಕಷ್ಟವಲ್ಲ. ಆದರೆ ಲಿಂಗಸುಗೂರು, ಕುಷ್ಟಗಿ, ಸಿಂಧನೂರು ಕಡೆ ಕೆಲಸ ಮಾಡುವಾಗ ನಾನು ಮೊದಲು ಕೇಳುತ್ತಿದ್ದುದೇ ಬೇರೆ. ನಿನ್ನೆ ಎಲ್ಲಿ ಮೇಯ್ದವು? ಎಲ್ಲಿ ನೀರು ಕುಡಿದವು? ಮಂದೆಗೆ ಹೊಸ ಕುರಿ ಬಂದಿದೆಯಾ? ಇಷ್ಟು ತಿಳಿದರೆ ರೋಗದ ಅರ್ಧ ಗುಟ್ಟು ಸಿಕ್ಕಿದ ಹಾಗೆ. ಇದನ್ನೆಲ್ಲ ಬರೆದವರಿಗೆ ಉದ್ದ ಉತ್ತರ ಕೊಟ್ಟಿದ್ದೇನೆ. ಬರೆಯದವರ ಮೇಲೆ ಸಿಟ್ಟಿಲ್ಲ, ಮುಂದಿನ ಸಲ ಬರೆಯಿರಿ.

ಪ್ರಶ್ನೆ: ಅಕ್ಕಾರೇ, ಮುಂಗಾರಿ ಮಳೆಗೆ ಹುಲ್ಲು ಚೆನ್ನಾಗಿ ಚಿಗುರಿತ್ತು, ಹೊಟ್ಟೆ ತುಂಬ ಮೇಯಿಸಿದೆವು. ರಾತ್ರಿ ಚೆನ್ನಾಗಿದ್ದ ಮರಿಗಳು ಬೆಳಿಗ್ಗೆ ದೊಡ್ಡಿಯಲ್ಲಿ ಸತ್ತು ಬಿದ್ದಿದ್ದವು. ಅದೂ ದಪ್ಪ ದಪ್ಪ ಮರಿಗಳೇ. ಬಡಕಲು ಮರಿಗಳಿಗೆ ಏನೂ ಆಗಿಲ್ಲ. ದೃಷ್ಟಿ ಆಗಿದೆ ಅಂತ ಮನೆಯಲ್ಲಿ ಹೇಳುತ್ತಾರೆ. — ಕುರಿಗಾರರು, ಯಲಬುರ್ಗಾ ತಾಲೂಕು

ದಪ್ಪ ಮರಿಗಳೇ ಸತ್ತವು ಅಂದಿರಲ್ಲ, ಅದೇ ದೊಡ್ಡ ಸುಳಿವು. ಇದು ಕರುಳುಬೇನೆ ಇರಬಹುದು. ಆಸ್ಪತ್ರೆಯಲ್ಲಿ ಇ.ಟಿ. (ಎಂಟೆರೊಟಾಕ್ಸೀಮಿಯಾ) ಅನ್ನುತ್ತಾರೆ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಅನ್ನುವ ರೋಗಾಣು ಕುರಿಯ ಕರುಳಿನಲ್ಲಿ ಮೊದಲೇ ಇರುತ್ತದೆ, ಸ್ವಲ್ಪವೇ ಇದ್ದಾಗ ತೊಂದರೆ ಮಾಡುವುದಿಲ್ಲ. ಒಣಮೇವು ತಿಂದುಕೊಂಡಿದ್ದ ಕುರಿ ಒಮ್ಮೆಗೇ ಎಳೆ ಹುಲ್ಲನ್ನೋ ಕಾಳನ್ನೋ ಹೊಟ್ಟೆಬಿರಿ ತಿಂದರೆ, ಅರೆಬರೆ ಜೀರ್ಣವಾದ ಹಿಟ್ಟು ಕರುಳಿಗೆ ಇಳಿಯುತ್ತದೆ. ಅಲ್ಲಿ ರೋಗಾಣು ಒಂದಕ್ಕೆ ನೂರಾಗಿ ವಿಷ ಬಿಡುತ್ತದೆ. ಆ ವಿಷ ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡಗಳನ್ನು ಹಾಳು ಮಾಡುತ್ತದೆ. ಎಲ್ಲರಿಗಿಂತ ಮುಂದೆ ನುಗ್ಗಿ ಜಾಸ್ತಿ ತಿನ್ನುವುದು ಗಟ್ಟಿ ಮರಿ, ಅದಕ್ಕೇ ಅದು ಮೊದಲು ಸಾಯುತ್ತದೆ. ದೃಷ್ಟಿಯೂ ಅಲ್ಲ, ಯಾರ ಕೈವಾಡವೂ ಅಲ್ಲ.

ಬದುಕಿರುವಾಗ ನೋಡಲು ಸಿಕ್ಕರೆ ಹೀಗಿರುತ್ತದೆ. ಕತ್ತು ಹಿಂದಕ್ಕೆ ಸೆಟೆಯುತ್ತದೆ, ಕಾಲು ಒದರುತ್ತದೆ, ಹಲ್ಲು ಕಡಿಯುತ್ತದೆ, ಕೆಲವಕ್ಕೆ ಭೇದಿ. ಅಷ್ಟು ಹೊತ್ತಿಗೆ ಔಷಧಿ ಕೆಲಸ ಮಾಡುವುದು ಕಡಿಮೆ. ನೀವು ಉಳಿಸಬೇಕಾದದ್ದು ಮಿಕ್ಕ ಮಂದೆಯನ್ನು. ಅವತ್ತೇ ಆ ಹುಲ್ಲು ಬಿಡಿಸಿ, ಒಣಮೇವು ಕೊಡಿ, ಹಿಂಡಿ ಕಾಳು ನಿಲ್ಲಿಸಿ, ಡಾಕ್ಟರನ್ನು ಕರೆಸಿ ಮಂದೆಗೆ ಲಸಿಕೆ ಹಾಕಿಸಿ.

ಲಸಿಕೆ ಹಾಕಿಸುವ ಕಾಲ ಮಾತ್ರ ಮಳೆಗೆ ಮುಂಚೆ. ರೋಹಿಣಿ ಮಳೆ ಬೀಳುವ ಮೊದಲೇ, ಮೇ ತಿಂಗಳಲ್ಲಿ. ಲಸಿಕೆ ಹಾಕಿದ ದಿನವೇ ಬಲ ಬರುವುದಿಲ್ಲ, ಸುಮಾರು ಎರಡು ವಾರ ಬೇಕು. ಮೊದಲ ಸಲ ಹಾಕಿಸುವ ಮರಿಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್ ಕೊಡಿಸಲೇಬೇಕು. ಆಮೇಲೆ ವರ್ಷಕ್ಕೊಂದು. ಈ ಎರಡನೇ ಡೋಸನ್ನು ಎಷ್ಟು ಜನ ಬಿಡುತ್ತಾರೋ! "ಹೋದ ವರ್ಷ ಹಾಕಿಸಿದ್ದೆ, ಆದರೂ ಬಂತು" ಅನ್ನುವವರನ್ನು ಕೇಳಿ ನೋಡಿ, ಸಾಮಾನ್ಯವಾಗಿ ಒಂದೇ ಡೋಸ್ ಹಾಕಿಸಿರುತ್ತಾರೆ.

ಹಿಂಗಾರಿಯಲ್ಲೂ ಇದು ಬರುತ್ತದೆ. ಮೆಕ್ಕೆಜೋಳ, ಭತ್ತ ಕೊಯ್ದ ಹೊಲದಲ್ಲಿ ಕಾಳು ಉದುರಿರುತ್ತದೆ. ಮಂದೆ ಬಿಡುವ ಮುಂಚೆ ಸ್ವಲ್ಪ ಒಣಮೇವು ತಿನ್ನಿಸಿ. ಮೊದಲ ದಿನ ಅರ್ಧ ತಾಸು ಮೇಯಿಸಿ ಹೊರಗೆ ಹೊಡೆಯಿರಿ, ದಿನದಿನಕ್ಕೆ ಸಮಯ ಹೆಚ್ಚಿಸಿ. ಕಾಳು ತಿಂದ ಕುರಿ ಸಾಯದೆ ಸುಮ್ನೆ ನಿಂತು ನರಳುತ್ತಾ, ಹೊಟ್ಟೆ ಅಲ್ಲಾಡಿಸಿದರೆ ನೀರು ಕುಲುಕಿದ ಸದ್ದು ಬಂದರೆ ಅದು ಹೊಟ್ಟೆಯಲ್ಲಿ ಆಮ್ಲ ಹೆಚ್ಚಾದದ್ದು. ದೊಡ್ಡ ಕುರಿಗೆ 20 ರಿಂದ 25 ಗ್ರಾಂ ಅಡುಗೆ ಸೋಡಾ ನೀರಿನಲ್ಲಿ ಕಲಸಿ ಕುಡಿಸಿ, ಆಮೇಲೆ ಫೋನ್ ಮಾಡಿ.

ಕೊನೆಗೊಂದು ಮಾತು. ಸತ್ತ ಮರಿಯನ್ನು ಬೇಗ ಆಸ್ಪತ್ರೆಗೆ ತನ್ನಿ. ಈ ಬೇನೆಯಲ್ಲಿ ಮೂತ್ರಪಿಂಡ ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗಾಗಿರುತ್ತದೆ. ಆದರೆ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಬಿದ್ದಿದ್ದ ಯಾವ ಹೆಣದ ಮೂತ್ರಪಿಂಡವೂ ಮೆತ್ತಗಾಗುತ್ತದೆ. ಆಗ ನಾನಾದರೂ ಏನು ಹೇಳಲಿ?

ಪ್ರಶ್ನೆ: ಹಾಗೇ ತಟಕ್ಕನೆ ಸತ್ತ ಕುರಿಯ ಮೂಗಿನಿಂದ, ಹಿಂದಿನಿಂದ ಕಪ್ಪು ರಕ್ತ ಬಂದಿತ್ತು. ಊರಲ್ಲಿ ಕೆಲವರು ಪಾಲು ಹಾಕಿಕೊಳ್ಳೋಣ ಎಂದರು. ನಾವು ಬೇಡ ಎಂದೆವು. ಸರಿ ಮಾಡಿದೆವಾ? — ಮಾನ್ವಿ ತಾಲೂಕು

ನೂರಕ್ಕೆ ನೂರು ಸರಿ. ಹೆಪ್ಪುಗಟ್ಟದ ಕಪ್ಪು ರಕ್ತ ಕಂಡರೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಅಂತ ಅನುಮಾನಪಡಬೇಕು. ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ನಾಯಿಗೆ ಹಾಕಬೇಡಿ. ಕೊಯ್ದರೆ ರೋಗಾಣುಗಳು ಗಾಳಿ ಸೋಕಿ ಗಟ್ಟಿ ಕವಚ ಕಟ್ಟಿಕೊಳ್ಳುತ್ತವೆ, ಆಮೇಲೆ ಆ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಮನುಷ್ಯರಿಗೂ ಬರುವ ರೋಗ ಇದು. ಡಾಕ್ಟರು ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಹಚ್ಚಿ ನೋಡುತ್ತಾರೆ, ಅಷ್ಟು ಸಾಕು. ಆರು ಅಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಮುಟ್ಟಿದವರ ಕೈಯಲ್ಲಿ ನೋವಿಲ್ಲದ ಕಪ್ಪು ಹುಣ್ಣು ಎದ್ದರೆ ಅವತ್ತೇ ಸರ್ಕಾರಿ ದವಾಖಾನೆಗೆ ಹೋಗಲಿ. ಬೇಗ ಹೋದರೆ ವಾಸಿಯಾಗುತ್ತದೆ.

ಪ್ರಶ್ನೆ: ನಮ್ಮವು ಕೆಂಗುರಿ. ಪ್ರತಿ ವರ್ಷ ಸುಗ್ಗಿ ಆದ ಮೇಲೆ ಸಿಂಧನೂರು, ಕಾರಟಗಿ ಕಡೆ ಭತ್ತದ ಗದ್ದೆಗೆ ಮಂದೆ ಇಳಿಸುತ್ತೇವೆ. ಊರಿಗೆ ಬಂದ ಮೇಲೆ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಬರುತ್ತದೆ. ಬೆಳಿಗ್ಗೆ ಇಳಿದಿರುತ್ತದೆ, ಸಂಜೆ ಮತ್ತೆ ಬರುತ್ತದೆ. ಜಂತಿನ ಔಷಧಿ ಹಾಕಿದ್ದೇವೆ, ಪ್ರಯೋಜನ ಆಗಿಲ್ಲ. — ಲಿಂಗಸುಗೂರು ತಾಲೂಕು

ಇಂಥ ಕಾಗದ ಬಂದರೆ ಖುಷಿಯಾಗುತ್ತದೆ. ಎಲ್ಲಿ ಮೇಯ್ದವು, ಯಾವಾಗ ಬಾವು ಬಂತು, ಎರಡೂ ಇದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಗದ್ದೆ, ಬದು, ಬಸಿಗಾಲುವೆಗಳಲ್ಲಿ ಸಣ್ಣ ಬಸವನಹುಳು ಇರುತ್ತದೆ. ಎಲೆಯಾಕಾರದ ಪಿತ್ತಕೋಶದ ಹುಳದ ಮರಿಗಳು ಆ ಬಸವನಹುಳದ ಹೊಟ್ಟೆಯಲ್ಲಿ ಬೆಳೆದು ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿ ಕೂರುತ್ತವೆ. ಕುರಿ ಆ ಹುಲ್ಲು ತಿನ್ನುತ್ತದೆ. ಹುಳ ಪಿತ್ತಜನಕಾಂಗವನ್ನು ಕೊರೆದುಕೊಂಡು ಹೋಗಿ ಪಿತ್ತನಾಳ ಸೇರಿ ದೊಡ್ಡದಾಗಲು ಎರಡೂವರೆ ಮೂರು ತಿಂಗಳು ಹಿಡಿಯುತ್ತದೆ. ಅದಕ್ಕೇ ಗದ್ದೆಯಲ್ಲಿ ಚೆನ್ನಾಗಿದ್ದ ಕುರಿ ಊರಿಗೆ ಬಂದ ಮೇಲೆ ಸೊರಗುವುದು. ಊರಿನ ನೀರನ್ನು ಬೈಯಬೇಡಿ. ರಕ್ತ ಕಡಿಮೆಯಾಗಿ, ರಕ್ತದ ಸತ್ವ ಇಳಿದಾಗ ನೀರು ಗದ್ದದ ಕೆಳಗೆ ನಿಲ್ಲುತ್ತದೆ. ಇಡೀ ದಿನ ತಲೆ ತಗ್ಗಿಸಿ ಮೇಯುವುದರಿಂದ ಸಂಜೆಗೆ ಜಾಸ್ತಿ ಕಾಣುತ್ತದೆ.

ನೀವು ಯಾವ ಜಂತಿನ ಔಷಧಿ ಹಾಕಿದಿರಿ ಅಂತ ಮಾತ್ರ ಬರೆದಿಲ್ಲ. ಐವರ್‌ಮೆಕ್ಟಿನ್ ಆಗಿದ್ದರೆ ಎಲೆಹುಳಕ್ಕೆ ಏನೂ ಆಗುವುದಿಲ್ಲ. ಫೆನ್‌ಬೆಂಡಜೋಲ್ ಕೂಡ ಮಾಮೂಲಿ ಪ್ರಮಾಣದಲ್ಲಿ ಇದಕ್ಕೆ ಮದ್ದಲ್ಲ. ಆಲ್ಬೆಂಡಜೋಲ್ ಜಾಸ್ತಿ ಪ್ರಮಾಣದಲ್ಲಿ ಬೆಳೆದ ಹುಳಕ್ಕೆ ಮಾತ್ರ ತಾಗುತ್ತದೆ. ಎಲೆಹುಳಕ್ಕೆ ಟ್ರೈಕ್ಲಾಬೆಂಡಜೋಲ್ ಒಳ್ಳೆಯದು, ಅದು ಮರಿಹುಳವನ್ನೂ ಕೊಲ್ಲುತ್ತದೆ. ಆಕ್ಸಿಕ್ಲೋಜನೈಡ್ ಬೆಳೆದ ಹುಳಕ್ಕೆ ಆಗುತ್ತದೆ. ಯಾವುದು, ಎಷ್ಟು ಅನ್ನುವುದನ್ನು ತೂಕ ನೋಡಿ ಡಾಕ್ಟರು ಹೇಳಲಿ.

ಆದರೆ ಗದ್ದದ ಬಾವು ಅಂದರೆ ಎಲೆಹುಳವೇ ಅಂತಲೂ ಅಲ್ಲ. ನೀರಾವರಿ ನೋಡದ ಒಣಭೂಮಿಯ ಮಂದೆಯಲ್ಲಿ ಹೊಟ್ಟೆಯೊಳಗೆ ರಕ್ತ ಹೀರುವ ದಾರದಂಥ ಜಂತು ಇದ್ದರೂ ಹೀಗೇ ಆಗುತ್ತದೆ. ಎರಡಕ್ಕೂ ಔಷಧಿ ಬೇರೆ. ಬೆಳಿಗ್ಗೆ ಐದಾರು ಕುರಿಗಳ ಹಿಕ್ಕೆಯನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ನೋಡಿ ಹೇಳುತ್ತಾರೆ. ಹಿಕ್ಕೆ ಒಯ್ಯಲು ನಾಚಿಕೆ ಪಡುವವರನ್ನು ಬಹಳ ನೋಡಿದ್ದೇನೆ. ಔಷಧಿಗೆ ಸಾವಿರಾರು ರೂಪಾಯಿ ಸುರಿಯಲು ನಾಚಿಕೆ ಇಲ್ಲ, ಹಿಕ್ಕೆಗೆ ಯಾಕೆ?

ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ. ಕೆಂಪಿದ್ದರೆ ಪರವಾಗಿಲ್ಲ, ಬಿಳಿಚಿದ್ದರೆ ರಕ್ತ ಇಲ್ಲ. ನನಗಂತೂ ನೆಂಟರ ಮನೆಗೆ ಹೋದರೂ ಅಂಗಳದ ಆಡಿನ ರೆಪ್ಪೆ ಎಳೆದು ನೋಡುವ ಚಟ. ವಾರಕ್ಕೊಮ್ಮೆ ಹತ್ತು ಕುರಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಮುಂದಿನ ಸಲ ಗದ್ದೆಗೆ ಇಳಿಸಿದಾಗ ಇಬ್ಬನಿ ಆರಿದ ಮೇಲೆ ಮೇಯಿಸಿ, ಕಾಲುವೆ ಅಂಚು ಬಿಡಿ, ನೀರನ್ನು ಬೋರ್‌ವೆಲ್ ತೊಟ್ಟಿಯಲ್ಲಿ ಕುಡಿಸಿ. ಊರಿಗೆ ಮರಳಿದ ಕೂಡಲೇ ಒಮ್ಮೆ, ಎರಡು ತಿಂಗಳಿಗೆ ಇನ್ನೊಮ್ಮೆ ಹಿಕ್ಕೆ ತೋರಿಸಿ.

ಪ್ರಶ್ನೆ: ಸಂತೆಯಿಂದ ನಾಲ್ಕು ಆಡು ತಂದೆ. ವಾರದಲ್ಲಿ ಮನೆಯ ಆಡುಗಳಿಗೂ ಜ್ವರ, ಮೂಗು ಕಣ್ಣು ಸೋರುವುದು, ಬಾಯಿ ಹುಣ್ಣು, ವಾಸನೆ ಭೇದಿ. ಪಕ್ಕದವರ ಕುರಿಗಳಿಗೆ ದೀಪಾವಳಿ ಹೊತ್ತಿಗೆ ತುಟಿ ಊದಿ, ಕುಂಟಿದ್ದವು. ಎರಡೂ ಒಂದೇನಾ? — ಸಿರುಗುಪ್ಪ

ಬೇರೆ ಬೇರೆ. ನಿಮ್ಮದು ಹಿರೇಬೇನೆ, ಅಂದರೆ ಪಿ.ಪಿ.ಆರ್. ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ಕೆಮ್ಮು, ಸೀನು, ಎಂಜಲು, ಒಂದೇ ತೊಟ್ಟಿಯ ನೀರು, ಇವುಗಳಿಂದ ಹರಡುತ್ತದೆ. ಸಂತೆಗಿಂತ ಒಳ್ಳೆ ಅವಕಾಶ ಅದಕ್ಕೆ ಎಲ್ಲಿ ಸಿಗಬೇಕು? ವೈರಸ್ಸಿಗೆ ನೇರ ಔಷಧಿ ಇಲ್ಲ. ನ್ಯುಮೋನಿಯಾ ಆಗದಂತೆ ಆಂಟಿಬಯೋಟಿಕ್, ಭೇದಿಗೆ ನೀರು ಉಪ್ಪು, ಬಾಯಿಗೆ ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರು, ತಿನ್ನಲು ಮೆತ್ತನೆ ಗಂಜಿ. ಕಾಯಿಲೆ ಬಿದ್ದವನ್ನು ಇವತ್ತೇ ಬೇರೆ ಕಟ್ಟಿ. ಸಂತೆಯಿಂದ ತಂದದ್ದನ್ನು ಮೂರು ವಾರ ಪ್ರತ್ಯೇಕ ಇಡಬೇಕಿತ್ತು, ಮುಂದಕ್ಕಾದರೂ ಇಡಿ. ನಾಲ್ಕು ತಿಂಗಳು ಮೇಲಾದ ಮರಿಗೆ ಒಂದು ಲಸಿಕೆ ಹಾಕಿಸಿದರೆ ಮೂರು ವರ್ಷ ಭಯವಿಲ್ಲ. ಇಷ್ಟು ಒಳ್ಳೆ ಲಸಿಕೆ ಬೇರೆ ಯಾವ ಬೇನೆಗೂ ಇಲ್ಲ ಅಂತ ನನ್ನ ಲೆಕ್ಕ. 2030ರೊಳಗೆ ಈ ರೋಗವನ್ನು ಜಗತ್ತಿನಿಂದಲೇ ತೊಲಗಿಸಬೇಕು ಅನ್ನುವ ಗುರಿ ಇಟ್ಟಿರುವುದೂ ಆ ಧೈರ್ಯದ ಮೇಲೆಯೇ.

ಪಕ್ಕದವರದು ನೀಲಿ ನಾಲಿಗೆ ರೋಗ ಇರಬೇಕು. ಇದು ಕುರಿಯಿಂದ ಕುರಿಗೆ ಮುಟ್ಟಿದರೆ ಬರುವುದಲ್ಲ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿ ಕಚ್ಚಿ ಹರಡುತ್ತದೆ. ಅದಕ್ಕೇ ಮಳೆ ನಿಂತು ಕೆಸರು ಉಳಿದ ಅಕ್ಟೋಬರ್‌ನಿಂದ ಡಿಸೆಂಬರ್ ಅದರ ಕಾಲ. ಕುರಿಗೆ ಜಾಸ್ತಿ, ಆಡಿಗೆ ಕಡಿಮೆ. ನಾಲಿಗೆ ನೀಲಿಯಾಗಲೇಬೇಕು ಅಂತಿಲ್ಲ. ತುಟಿ ಮುಖ ಊದುವುದು, ಮೂಗಿನ ಮೇಲೆ ಹಕ್ಕಳೆ, ಗೊರಸಿನ ಮೇಲಂಚು ಕೆಂಪಾಗಿ ಕುಂಟುವುದು, ಇಷ್ಟಿದ್ದರೆ ಸಾಕು. ಬಿಸಿಲಿಗೆ ಬಿಡಬೇಡಿ, ದೂರ ನಡೆಸಬೇಡಿ. ಸಂಜೆ ಕೆರೆಯಂಚಿನಲ್ಲಿ ತರುಬಬೇಡಿ, ಎತ್ತರದ ಒಣ ಜಾಗದಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಿ. ಐದು ಬಗೆಯ ವೈರಸ್ಸಿಗೆ ಒಟ್ಟಿಗೆ ಆಗುವ ಲಸಿಕೆ ನಮ್ಮ ದೇಶದಲ್ಲೇ ತಯಾರಾಗುತ್ತದೆ, ಮಳೆಗಾಲ ಮುಗಿಯುವ ಮೊದಲೇ ಕೇಳಿ ಹಾಕಿಸಿ.

ಪ್ರಶ್ನೆ: ಒಂದು ಕುರಿ ಬಲಕ್ಕೇ ಸುತ್ತುತ್ತದೆ, ತಲೆ ವಾಲಿಸುತ್ತದೆ, ಗೋಡೆಗೆ ಹಾಯುತ್ತದೆ. ಹಿರಿಯರು ತಲೆಗೆ ಬರೆ ಹಾಕಿಸಿದರು. ಕಡಿಮೆ ಆಗಿಲ್ಲ. — ಕನಕಗಿರಿ

ಬರೆಯಿಂದ ಆಗಿದ್ದು ಒಂದು ಹೊಸ ಗಾಯ, ಅಷ್ಟೇ. ಪಾಪದ ಪ್ರಾಣಿ.

ಇದು ತಿರುಗುಬೇನೆ ಇರಬಹುದು. ಮಿದುಳಿನಲ್ಲಿ ನೀರುಗುಳ್ಳೆ ಬೆಳೆದಿರುತ್ತದೆ. ಇದರ ಮೂಲ ನಿಮ್ಮ ಮಂದೆ ಕಾಯುವ ನಾಯಿ. ಸತ್ತ ಕುರಿಯ ತಲೆ ನಾಯಿಗೆ ಹಾಕುತ್ತೀರಿ ಅಲ್ವಾ? ಆ ಗುಳ್ಳೆ ನಾಯಿಯ ಕರುಳಿನಲ್ಲಿ ಲಾಡಿಹುಳ ಆಗುತ್ತದೆ. ನಾಯಿ ಹೇತ ಕಡೆ ಮೊಟ್ಟೆ ಬೀಳುತ್ತದೆ, ಅಲ್ಲಿಯ ಹುಲ್ಲನ್ನು ಮರಿ ತಿನ್ನುತ್ತದೆ. ನಾಯಿಗೆ ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡಿ, ತಲೆ ಹಾಕುವುದು ನಿಲ್ಲಿಸಿ, ಸುಟ್ಟುಬಿಡಿ ಅಥವಾ ಆಳಕ್ಕೆ ಹೂಳಿ. ಈಗ ಸುತ್ತುತ್ತಿರುವ ಕುರಿಯನ್ನು ಡಾಕ್ಟರಿಗೆ ತೋರಿಸಿ. ತಲೆಬುರುಡೆ ಒಂದು ಕಡೆ ಮೆತ್ತಗಾಗಿದ್ದರೆ ಕೊಯ್ದು ಗುಳ್ಳೆ ತೆಗೆಯಲು ಬರುತ್ತದೆ. ಜ್ವರ ಇದ್ದು, ಮುಖದ ಒಂದು ಪಕ್ಕ ಜೋತುಬಿದ್ದು ಸುತ್ತುತ್ತಿದ್ದರೆ ಅದು ಬೇರೆ ರೋಗ, ಬೇಗ ಇಂಜೆಕ್ಷನ್ ಕೊಟ್ಟರೆ ಉಳಿಯಬಹುದು. ಹಾಗಾಗಿ ತಡ ಬೇಡ.

ಪ್ರಶ್ನೆ: ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿತ್ತು. ಆಡುಗಳು ನುಗ್ಗಿ ಕಾಲು ಗಂಟೆಯಲ್ಲಿ ಎರಡು ಬಿದ್ದು ಸತ್ತವು. ಯಾರಾದರೂ ವಿಷ ಇಟ್ಟರಾ? — ಕುಷ್ಟಗಿ ತಾಲೂಕು

ಯಾರೂ ಇಟ್ಟಿಲ್ಲ, ವಿಷ ಚಿಗುರಿನಲ್ಲೇ ಇದೆ. ಎಳೆ ಜೋಳ, ಕೂಳೆ, ಮಳೆ ಕೊರತೆಗೆ ಮುರುಟಿದ ಜೋಳ ಇವುಗಳಲ್ಲಿ ಸಯನೈಡ್ ಆಗುವ ಅಂಶ ಜಾಸ್ತಿ. ಏದುಸಿರು, ನಡುಕ, ಬಾಯಿಯ ಒಳಗೆ ಎದ್ದು ಕಾಣುವ ಕೆಂಪು, ಇವು ಲಕ್ಷಣ. ಡಾಕ್ಟರು ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ನರಕ್ಕೆ ಕೊಟ್ಟರೆ ಬದುಕುತ್ತವೆ, ಆದರೆ ನಿಮಿಷಗಳ ಲೆಕ್ಕ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಆಸ್ಪತ್ರೆಯ ವಾಹನ ಬರುತ್ತದೆ. ಹಸಿದ ಆಡನ್ನು ಕೂಳೆ ಹೊಲದ ಹತ್ತಿರ ಬಿಡಬೇಡಿ. ಚೆನ್ನಾಗಿ ಒಣಗಿಸಿದ ಸೊಪ್ಪೆಯಲ್ಲಿ ಈ ಭಯ ಬಹಳ ಕಡಿಮೆ.

ಪ್ರಶ್ನೆ: ನಮ್ಮ ಸಂಘದ ಹೆಣ್ಣುಮಕ್ಕಳು ಆಡು ಸಾಕುತ್ತೇವೆ. ಮೂರು ಆಡು ತಿಂಗಳು ತುಂಬುವ ಮೊದಲೇ ಮರಿ ಹಾಕಿದವು. ಕಸ (ಮಾಸು) ನಾವೇ ತೆಗೆದೆವು. ಈಗ ಒಬ್ಬರಿಗೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. — ಸಂಡೂರು

ಅವ್ವ, ಮೊದಲು ಆ ತಾಯಿಯನ್ನು ದವಾಖಾನೆಗೆ ಕಳಿಸಿ. "ಆಡು ಕಂದು ಹಾಕಿತ್ತು, ಬರಿಗೈಯಲ್ಲಿ ಮುಟ್ಟಿದ್ದೆ" ಅಂತ ಅಲ್ಲಿ ಬಾಯಿಬಿಟ್ಟು ಹೇಳಲಿ. ಹೇಳದಿದ್ದರೆ ಟೈಫಾಯಿಡ್, ಮಲೇರಿಯಾ ಅಂತ ಮದ್ದು ಮಾಡುತ್ತಾ ತಿಂಗಳು ಕಳೆಯುತ್ತದೆ. ಬ್ರುಸೆಲ್ಲಾ ಅನ್ನುವ ರೋಗ ಆಡಿನಿಂದ ಮನುಷ್ಯರಿಗೆ ಹೀಗೇ ಬರುತ್ತದೆ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಔಷಧಿ ಇದೆ.

ಕಂದು ಹಾಕಲು ಬೇರೆ ಕಾರಣಗಳೂ ಇವೆ. ಹಾಗಾಗಿ ಮೂರೂ ಆಡು ಮತ್ತು ಹೋತದ ರಕ್ತ ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಮಾರಬೇಡಿ. ಕಸ, ಸತ್ತ ಮರಿಯನ್ನು ಕೈಗೆ ಪ್ಲಾಸ್ಟಿಕ್ ಚೀಲವಾದರೂ ಹಾಕಿಕೊಂಡು ತೆಗೆದು ಸುಣ್ಣ ಹಾಕಿ ಹೂಳಿ. ಬಸುರಿಯರು ಆ ಕೆಲಸಕ್ಕೆ ಹೋಗಲೇಬಾರದು. ಕೂಸುಗಳಿಗೆ ಶಕ್ತಿ ಬರಲಿ ಅಂತ ಆಡಿನ ಹಾಲನ್ನು ಹಸಿಯಾಗಿಯೇ ಕುಡಿಸುವ ಪದ್ಧತಿ ನಮ್ಮ ಕಡೆ ಇದೆ. ಉಕ್ಕು ಬರುವಂತೆ ಕಾಯಿಸಿ ಕುಡಿಸಿ, ಶಕ್ತಿ ಎಲ್ಲೂ ಹೋಗುವುದಿಲ್ಲ.

ಪ್ರಶ್ನೆ: ಎರೆ ಭೂಮಿ, ಮಳೆಯಲ್ಲಿ ಕುರಿ ಕುಂಟುತ್ತವೆ. ಮೈಲುತುತ್ತ ಹಾಕಬಹುದಾ? — ದೇವದುರ್ಗ

ಬಾಯಲ್ಲಿ ಹುಣ್ಣಿದ್ದರೆ ಕಾಲುಬಾಯಿ ರೋಗ, ಡಾಕ್ಟರನ್ನು ಕರೆಯಿರಿ. ಬಾಯಿ ಚೆನ್ನಾಗಿದ್ದು ಗೊರಸಿನ ಸಂದು ಕೊಳೆತು ವಾಸನೆ ಬಂದರೆ ಗೊರಸು ಕೊಳೆ. ಬೆಳೆದ ಗೊರಸು ಕತ್ತರಿಸಿ, ಹತ್ತು ಲೀಟರ್ ನೀರಿಗೆ ಒಂದು ಕಿಲೋ ಸತುವಿನ ಸಲ್ಫೇಟ್ ಕರಗಿಸಿ ಕೆಲವು ನಿಮಿಷ ನಿಲ್ಲಿಸಿ, ಆಮೇಲೆ ಒಣ ನೆಲದಲ್ಲಿ ಬಿಡಿ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಕೂಡ ಆಗುತ್ತದೆ, ಹತ್ತು ಲೀಟರಿಗೆ ಅರ್ಧ ಕಿಲೋ. ಆದರೆ ಕುರಿಗೆ ತಾಮ್ರ ಬೇಗ ವಿಷವಾಗುತ್ತದೆ. ಆ ನೀರಿಗೆ ಬಾಯಿ ಹಾಕಿದರೆ ಕಾಲಿನ ಬದಲು ಕುರಿಯೇ ಹೋಗುತ್ತದೆ. ನಾನು ಸತುವನ್ನೇ ಹೇಳುತ್ತೇನೆ.

ಪ್ರಶ್ನೆ: ಔಷಧಿ ಅಂಗಡಿಯವರು ಕೊಡುವ ಇಂಜೆಕ್ಷನ್ ನಾವೇ ಹಾಕಿಕೊಳ್ಳುತ್ತೇವೆ. ತಪ್ಪೇ? — ಮಸ್ಕಿ

ಅಡವಿಯಲ್ಲಿ ಮಂದೆ ಇದ್ದಾಗ ಡಾಕ್ಟರು ಸಿಗುವುದಿಲ್ಲ, ಗೊತ್ತು. ಆದರೂ ಎರಡು ಮಾತು. ಡೈಕ್ಲೋಫೆನಾಕ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಪಶುಗಳಿಗೆ ಅದು 2006ರಿಂದ ನಿಷೇಧ, ಅದನ್ನು ಹಾಕಿದ ಪ್ರಾಣಿಯ ಹೆಣ ತಿಂದು ರಣಹದ್ದುಗಳು ನಾಶವಾದವು. ನೋವು ಜ್ವರಕ್ಕೆ ಮೆಲಾಕ್ಸಿಕ್ಯಾಮ್ ಕೇಳಿ. ಎರಡನೆಯದು, ಕ್ಲೋಸೆಂಟೆಲ್ ಅನ್ನುವ ಜಂತಿನ ಔಷಧಿ. ಒಂದಿಷ್ಟು ಜಾಸ್ತಿ ಇರಲಿ ಅಂತ ಕೊಟ್ಟರೆ ಕುರಿ ಕುರುಡಾಗುತ್ತದೆ. ಗೊಟ್ಟದಲ್ಲಿ ಯಾವ ಔಷಧಿ ಕುಡಿಸುವಾಗಲೂ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ಪುಪ್ಪುಸಕ್ಕೆ ಹೋಗುತ್ತದೆ.

ಪ್ರಶ್ನೆ: ಸತ್ತ ಕುರಿಗೆ ಸರ್ಕಾರದ ಪರಿಹಾರ ಸಿಗುತ್ತದೆ ಎಂದು ಕೇಳಿದೆ. ನಾವು ಹೂಳಿಬಿಟ್ಟೆವು. — ಕೊಪ್ಪಳ ತಾಲೂಕು

ಅನುಗ್ರಹ ಯೋಜನೆಯಲ್ಲಿ ಸಿಗುತ್ತದೆ. ಆದರೆ ಪಶುವೈದ್ಯರು ಹೆಣ ನೋಡಿ ವರದಿ ಕೊಡಬೇಕು. ಹೂಳಿದ ಮೇಲೆ ಹೋಗಿ ಕೇಳಿದರೆ ಅವರಿಗೂ ದಾರಿ ಇಲ್ಲ. ಇನ್ನು ಮುಂದೆ ಸತ್ತ ತಕ್ಷಣ ನೆರಳಿಗೆ ಹಾಕಿ, ನಾಯಿ ಬರದಂತೆ ನೋಡಿಕೊಂಡು, ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಬೇಕಾದ ಕಾಗದಪತ್ರ ಯಾವುವು ಅಂತ ಅದೇ ಫೋನಿನಲ್ಲಿ ಕೇಳಿಬಿಡಿ, ಎರಡು ಸಲ ಓಡಾಡುವುದು ತಪ್ಪುತ್ತದೆ.